ಗಾಲ್ಫ್ ಕಲಿಯೋಕೆ ಮೊದಲು ಕ್ಲಬ್ ಫಿಟ್ಟಿಂಗ್ ಬೇಕಾ? ಒಂದು ಸ್ಪಷ್ಟನೆ

"ಅಳತೆಗೆ ಮಾಡಿಸಿದ ಕ್ಲಬ್ ಇಲ್ಲದೆ ಪಾಠಕ್ಕೆ ಹೋದರೆ ದುಡ್ಡು ದಂಡ" ಅನ್ನೋ ಮಾತು ಹೊಸಬರ ನಡುವೆ ಓಡಾಡುತ್ತಿದೆ. ಇದು ಸರಿಯಲ್ಲ. ಕ್ಲಬ್ ಅಂದರೆ ಚೆಂಡು ಹೊಡೆಯುವ ಕೋಲು, ಅದನ್ನು ಆಟಗಾರನಿಗೆ ತಕ್ಕಂತೆ ಹೊಂದಿಸುವುದೇ ಫಿಟ್ಟಿಂಗ್. ಫಿಟ್ಟಿಂಗ್‌ನಲ್ಲಿ ಬರೀ ಎತ್ತರ ನೋಡುವುದಿಲ್ಲ. ಸ್ವಿಂಗ್ ವೇಗ ಎಷ್ಟು, ಕ್ಲಬ್ಬಿನ ತಲೆ ಯಾವ ಕೋನದಲ್ಲಿ ಬರುತ್ತದೆ, ಚೆಂಡು ಅದರ ಯಾವ ಜಾಗಕ್ಕೆ ತಗಲುತ್ತದೆ, ಇದನ್ನೆಲ್ಲ ನೋಡಿ ಶಾಫ್ಟ್ (ಕ್ಲಬ್ಬಿನ ಉದ್ದನೆಯ ದಂಡ) ಎಷ್ಟು ಬಾಗಬೇಕು, ಲೈ ಆಂಗಲ್ (ಕ್ಲಬ್ ನೆಲಕ್ಕೆ ಇಟ್ಟಾಗ ಆ ದಂಡ ನೆಲದ ಜೊತೆ ಮಾಡುವ ಕೋನ) ಎಷ್ಟಿರಬೇಕು ಅಂತ ತೀರ್ಮಾನಿಸುತ್ತಾರೆ. ಹೊಸಬರ ಒಂದು ಹೊಡೆತದಂತೆ ಇನ್ನೊಂದು ಇರುವುದಿಲ್ಲ, ಅಲ್ವಾ? ಹಾಗಾಗಿ ಇವತ್ತಿನ ಅಳತೆ ನಾಳೆಗೆ ಹೊಂದುವುದಿಲ್ಲ. ಬಲಗೈ ಆಟಗಾರನ ಚೆಂಡು ಸದಾ ಬಲಕ್ಕೆ ತಿರುಗುತ್ತಿದ್ದರೆ ಸಾಮಾನ್ಯವಾಗಿ ಹೊಡೆಯುವಾಗ ಕ್ಲಬ್ಬಿನ ಮುಖ ತೆರೆದಿರುವುದೇ, ಅಂದರೆ ಬಲಕ್ಕೆ ತಿರುಗಿರುವುದೇ ಕಾರಣ. ಲೈ ಆಂಗಲ್ ಬದಲಿಸಿ ಆ ತಪ್ಪನ್ನು ಮರೆಮಾಡಿದರೆ, ಪಾಠದಲ್ಲಿ ಮುಖ ನೇರವಾದ ದಿನ ಚೆಂಡು ಎಡಕ್ಕೆ ಓಡುತ್ತದೆ.

ಹಾಗಂತ ಸಿಕ್ಕಿದ ಕ್ಲಬ್ ಹಿಡಿದು ಹೋಗಿ ಅಂತಲ್ಲ. ತೀರಾ ಎತ್ತರ ಅಥವಾ ತೀರಾ ಕುಳ್ಳಗಿದ್ದರೆ ಕ್ಲಬ್ಬಿನ ಉದ್ದ ಮೊದಲೇ ನೋಡಿಸಿ. ಮಕ್ಕಳಿಗೆ ದೊಡ್ಡವರ ಕ್ಲಬ್ ಕತ್ತರಿಸಿ ಕೊಡುವುದಂತೂ ಬೇಡವೇ ಬೇಡ: ಭಾರ ಜಾಸ್ತಿ, ಶಾಫ್ಟೂ ಗಟ್ಟಿ. ಉಳಿದವರಿಗೆ ಎರವಲು ತಂದ 7 ಐರನ್ (ಮಧ್ಯಮ ದೂರದ ಹೊಡೆತಕ್ಕೆ), ಒಂದು ವೆಡ್ಜ್ (ಹತ್ತಿರದ ಎತ್ತರದ ಹೊಡೆತಕ್ಕೆ), ಒಂದು ಪಟರ್ (ಚೆಂಡನ್ನು ಕುಳಿಯತ್ತ ಉರುಳಿಸಲು) ಸಾಕು. ನಿಯಮದಲ್ಲಿರುವ 14 ಕ್ಲಬ್ ಗರಿಷ್ಠ ಮಿತಿ, ಸುಮ್ನೆ ಅಷ್ಟೂ ಕೊಳ್ಳಬೇಕಿಲ್ಲ. ಹೊಡೆತ ಹೆಚ್ಚುಕಮ್ಮಿ ಒಂದೇ ಥರ ಬರತೊಡಗಿದ ಮೇಲೆ ಫಿಟ್ಟಿಂಗ್‌ಗೆ ಹೋಗಿ.