ಬಳೆ ತೊಟ್ಟವರನ್ನು ಮೆಚ್ಚುವ ವಿಧಾನ

‘ನಾವೇನು ಕೈಗೆ ಬಳೆ ತೊಟ್ಕೊಂಡು ಕೂತಿಲ್ಲ’ ಎಂದು ವೇದಿಕೆ ಹತ್ತಿ ಗುಡುಗುವ ಗಂಡಸರಿಗೆ ನಮ್ಮಲ್ಲಿ ಯಾವ ಪಕ್ಷದಲ್ಲೂ ಬರವಿಲ್ಲ. ಲಾಸ್ ಏಂಜಲೀಸಿಗೆ ಈ ಮಾತು ತಲುಪಿರಲಿಲ್ಲವೆಂದು ಕಾಣುತ್ತದೆ. 1981ರಲ್ಲಿ ಅಲ್ಲಿ ಹುಟ್ಟಿದ ಹುಡುಗಿಯರ ಬ್ಯಾಂಡೊಂದು ಶುರುವಿನ ದಿನಗಳಲ್ಲಿ ‘ಬ್ಯಾಂಗ್ಸ್’ ಎಂದು ಹೆಸರಿಟ್ಟುಕೊಂಡಿತು. ಇಂಗ್ಲಿಷಿನಲ್ಲಿ ಹಣೆಗೆ ಇಳಿಬಿಟ್ಟ ಕತ್ತರಿಗೂದಲೂ ಅದೇ, ಢಮಾರ್ ಎನ್ನುವ ಸದ್ದೂ ಅದೇ. ಆ ಹೆಸರಿನ ಬ್ಯಾಂಡ್ ಆಗಲೇ ಇನ್ನೊಂದಿದೆ ಎಂದು ತಿಳಿದಾಗ ಬಾಲ ಬದಲಿಸಿ ‘ಬ್ಯಾಂಗಲ್ಸ್’ ಎಂದಾಯಿತು. ಅಂದರೆ ಬಳೆಗಳು. ಇಂಗ್ಲಿಷಿಗೆ ಆ ಪದ ಹೋದದ್ದು ಹಿಂದಿಯ ‘ಬಂಗ್ಡಿ’ಯಿಂದ. (ಮಂಗಳೂರಿನ ಕಡೆಯವರು ತವೆ ಇಡುವುದು ಬೇಡ, ಇದು ಮೀನಲ್ಲ.) ಬಳೆ ತೊಟ್ಟು ಕೂತದ್ದೇನೋ ನಿಜ. ಕೂತದ್ದು ಡ್ರಮ್ಸ್ ಹಿಂದೆ.

ಕೂತವರು ಡೆಬಿ ಪೀಟರ್ಸನ್. ಅವರ ಅಕ್ಕ ವಿಕಿ ಲೀಡ್ ಗಿಟಾರ್, ಸುಸಾನಾ ಹಾಫ್ಸ್ ರಿದಮ್ ಗಿಟಾರ್, 1983ರಿಂದ ಬೇಸ್ ಗಿಟಾರಿಗೆ ಮೈಕೆಲ್ ಸ್ಟೀಲ್. ನಾಲ್ವರೂ ಹಾಡುವವರು, ನಾಲ್ವರೂ ಹಾಡು ಕಟ್ಟುವವರು. ಇಂಥವರನ್ನು ಮೆಚ್ಚಿಕೊಳ್ಳಲು ಜಗತ್ತು ನಲವತ್ತು ವರ್ಷಗಳಿಂದ ಒಂದು ವಿಧಿವಿಧಾನ ಪಾಲಿಸಿಕೊಂಡು ಬಂದಿದೆ. ಅದರಲ್ಲಿ ಕಿವಿಗೆ ಕೆಲಸವಿಲ್ಲದ ಕಾರಣ ಯಾರು ಬೇಕಾದರೂ ಕಲಿಯಬಹುದು.

ಮೊದಲು ಜನಗಣತಿ. ವೇದಿಕೆಯ ಮೇಲೆ ಎಷ್ಟು ತಲೆ, ಅದರಲ್ಲಿ ಹೆಣ್ಣೆಷ್ಟು ಎಂದು ಎಣಿಸಿ, ‘ಎಲ್ಲರೂ ಮಹಿಳೆಯರೇ ಇರುವ ಬ್ಯಾಂಡ್’ ಎಂದು ಘೋಷಿಸಬೇಕು. ಬೀಟಲ್ಸನ್ನು ‘ಎಲ್ಲರೂ ಗಂಡಸರೇ ಇರುವ ಬ್ಯಾಂಡ್’ ಎಂದು ಯಾರೂ ಪರಿಚಯಿಸುವುದಿಲ್ಲ. ಅಲ್ಲಿ ಗಣತಿದಾರರಿಗೆ ರಜೆ. ಇಲ್ಲಿ ಎಣಿಸುವಾಗ ಒಂದು ತೊಡಕು ಬರುತ್ತದೆ: ಪಟ್ಟಿಯಲ್ಲಿ ‘ಮೈಕೆಲ್’ ಎಂಬ ಹೆಸರು. ಪಟದಲ್ಲಿ ಗಂಡಸೇ ಇಲ್ಲವಲ್ಲ ಎಂದು ಗಾಬರಿಯಾಗಬೇಡಿ. ಅದು ಆಕೆ ವೇದಿಕೆಗೆಂದು ಇಟ್ಟುಕೊಂಡ ಹೆಸರು. ಈ ಬ್ಯಾಂಡಿಗೆ ಬರುವ ಮುನ್ನ, 1975ರಲ್ಲೇ, ಆಕೆ ‘ರನ್‌ಅವೇಸ್’ ಎಂಬ ಮತ್ತೊಂದು ಹುಡುಗಿಯರ ಬ್ಯಾಂಡಿನ ಮೊದಲ ಮೂವರಲ್ಲಿ ಒಬ್ಬರಾಗಿದ್ದರು. ಅನುಭವದಲ್ಲಿ ಎಲ್ಲರಿಗಿಂತ ಹಿರಿಯರು, ಅಭಿಮಾನಿಗಳ ನೆನಪಿನಲ್ಲಿ ಎಲ್ಲರಿಗಿಂತ ಕೊನೆಯವರು. ಬೇಸ್ ಹಿಡಿದವರ ಹಣೆಬರಹ ಅದು, ಗಂಡಾದರೂ ಹೆಣ್ಣಾದರೂ.

ಎರಡನೆಯದು ಪರೀಕ್ಷೆ: ‘ನಿಜವಾಗಿ ಅವರೇ ನುಡಿಸುತ್ತಾರಾ?’ ಪರೀಕ್ಷಿಸುವ ಸ್ಥಳವಾಗಿ ಆ ಕಾಲದ ಟಿವಿ ಕಾರ್ಯಕ್ರಮವನ್ನೇ ಆರಿಸಿಕೊಳ್ಳಬೇಕು. ಹಿನ್ನೆಲೆಯಲ್ಲಿ ರೆಕಾರ್ಡು ಓಡುತ್ತಿರುತ್ತದೆ, ಬ್ಯಾಂಡಿನವರು ಅದಕ್ಕೆ ತಕ್ಕಂತೆ ಕೈಯಾಡಿಸುತ್ತಾರೆ. ಗೊತ್ತಿದ್ದವರು ನೋಡುವ ಗುರುತುಗಳು ಬೇರೆ. ಗಿಟಾರಿನಿಂದ ಕೇಬಲ್ ಹೊರಟಿದೆಯೇ? ಡ್ರಮ್ಸ್ ಸುತ್ತ ಎಲ್ಲಾದರೂ ಮೈಕುಗಳಿವೆಯೇ? ಸಿಂಬಲ್ ಮೇಲೆ ಕೋಲು ಬಿದ್ದಾಗ ತಟ್ಟೆ ಅಲುಗಾಡಿ ಸದ್ದು ಎಳೆಯುತ್ತದೆಯೇ, ಇಲ್ಲ ಮೆತ್ತೆ ಅಂಟಿಸಿದ ಹಾಗೆ ಸತ್ತು ಬೀಳುತ್ತದೆಯೇ? ಈ ಮೂರಕ್ಕೂ ಇಲ್ಲ ಎಂದರೆ ಅಂದು ಯಾರೂ ನುಡಿಸಿಲ್ಲ. ಅದೇ ಸ್ಟುಡಿಯೋದಲ್ಲಿ, ಅದೇ ಸಂಜೆ, ಅದೇ ಕೇಬಲ್ ಇಲ್ಲದ ಗಿಟಾರ್ ಹಿಡಿದು ಕುಣಿದ ಗಂಡಸರ ಬ್ಯಾಂಡೂ ನುಡಿಸಿಲ್ಲ. ಆದರೆ ಅವರದು ಕಾರ್ಯಕ್ರಮದ ನಿಯಮ, ಇವರದು ಸಿಕ್ಕಿಬಿದ್ದ ಕಳವು.

ಈ ಪರೀಕ್ಷೆಗೆ ಪ್ರಶಸ್ತಿಪತ್ರವೂ ಉಂಟು. ಬ್ಯಾಂಗಲ್ಸ್‌ಗಿಂತ ಮೊದಲು, 1978ರಲ್ಲಿ ಅದೇ ಊರಿನಲ್ಲಿ ಶುರುವಾದ ‘ಗೋ-ಗೋಸ್’ ಬ್ಯಾಂಡಿನ ಮೊದಲ ಆಲ್ಬಂ 1982ರಲ್ಲಿ ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿ ಆರು ವಾರ ಕೂತಿತು. ಅಂದಿನಿಂದ ಇಂದಿನವರೆಗೆ ಆ ಬ್ಯಾಂಡಿನ ಬಿರುದಾವಳಿ ಒಂದೇ: ‘ತಾವೇ ಬರೆದು, ತಾವೇ ನುಡಿಸಿ, ಪಟ್ಟಿಯ ತುದಿಗೇರಿದ ಮೊದಲ ಸರ್ವಮಹಿಳಾ ಬ್ಯಾಂಡ್’. ಹೊಗಳಿಕೆಯಂತೂ ನಿಜ. ಆದರೆ ಓದುವಾಗ ಗಣರಾಜ್ಯೋತ್ಸವದ ಕ್ರೀಡಾಕೂಟ ನೆನಪಾಗುತ್ತದೆ: ‘ನಲವತ್ತು ದಾಟಿದ ವಿವಾಹಿತ ಮಹಿಳೆಯರ ನಿಂಬೆಹಣ್ಣು–ಚಮಚ ಓಟ, ಪ್ರಥಮ ಬಹುಮಾನ’. ಅದೇ ವರ್ಷದ ಆಗಸ್ಟಿನಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ಇವರನ್ನು ಮುಖಪುಟಕ್ಕೆ ಏರಿಸಿತು. ಐವರಲ್ಲಿ ಒಬ್ಬರ ಕೈಯಲ್ಲೂ ವಾದ್ಯವಿಲ್ಲ, ಮೈಮೇಲೆ ಒಳಉಡುಪು, ಜೊತೆಗೊಂದು ದ್ವಂದ್ವಾರ್ಥದ ಶೀರ್ಷಿಕೆ. ತಾವೇ ನುಡಿಸುತ್ತಾರೆ ಎಂಬ ವಿಷಯ ಅಷ್ಟು ಮುಖ್ಯವಾಗಿದ್ದರೆ ಒಂದು ಗಿಟಾರನ್ನಾದರೂ ಕೊಡಬಹುದಿತ್ತು. ಮೊದಲ ರೆಕಾರ್ಡು ಬಂದು 25 ವರ್ಷವಾದರೆ ಸಂಗೀತಗಾರರ ಗೌರವಮಂದಿರವಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅರ್ಹತೆ. ಇವರಿಗೆ ಬಾಗಿಲು ತೆರೆದದ್ದು 2021ರಲ್ಲಿ. ಅರ್ಹತೆ ಬಂದ ಮೇಲೂ ಸುಮಾರು ಹದಿನೈದು ವರ್ಷ ಹೊರಗೆ ನಿಂತಿದ್ದರು.

ಬ್ಯಾಂಗಲ್ಸ್‌ಗೆ ಮರಳೋಣ. ಅಭಿಮಾನದ ಹೃದಯಭಾಗ ಇಲ್ಲಿದೆ, ಅದರ ಉದ್ದ ಕೆಲವೇ ಕ್ಷಣ. 1986ರ ‘ವಾಕ್ ಲೈಕ್ ಆ್ಯನ್ ಈಜಿಪ್ಶಿಯನ್’ ವಿಡಿಯೋದಲ್ಲಿ ಸುಸಾನಾ ಹಾಫ್ಸ್ ಕಣ್ಣುಗುಡ್ಡೆಗಳನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಹೊರಳಿಸುತ್ತಾರೆ. ಅಷ್ಟೆ. ಅದರ ಮೇಲೆ ನಾಲ್ಕು ದಶಕಗಳ ಭಾಷ್ಯ ನಡೆದಿದೆ. ಆಕೆ ಕೊಟ್ಟ ವಿವರಣೆ ಬಡಪಾಯಿಯದು: ಎದುರಿಗೆ ಜನ ಇದ್ದರು, ಸಭಾಕಂಪನ ನೀಗಲು ಎಡಕ್ಕೊಬ್ಬರನ್ನು ಬಲಕ್ಕೊಬ್ಬರನ್ನು ಗುರುತು ಮಾಡಿಕೊಂಡು ನೋಡುತ್ತಿದ್ದೆ, ಕ್ಯಾಮೆರಾ ಮುಖದ ಹತ್ತಿರಕ್ಕೆ ಬಂದದ್ದು ಗೊತ್ತಾಗಲಿಲ್ಲ. ಯಕ್ಷಗಾನದ ಸ್ತ್ರೀವೇಷಕ್ಕೆ ವರ್ಷಗಟ್ಟಲೆ ಕಣ್ಣಿನ ಅಭ್ಯಾಸ ಬೇಕು. ಇಲ್ಲಿ ಹೆದರಿಕೆಯೊಂದೇ ಸಾಕಾಯಿತು.

ಈಗ ಒಂದು ಸಣ್ಣ ಪ್ರಯೋಗ. ಕಣ್ಣು ಮುಚ್ಚಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ ಅದೇ ಹಾಡು ಕೇಳಿ. ಮೊದಲ ಚರಣ ಹಾಡುವುದು ವಿಕಿ. ಎರಡನೆಯದು ಮೈಕೆಲ್. ಸುಸಾನಾ ಬರುವುದು ಮೂರನೆಯದಕ್ಕೆ. ಅಂದರೆ ಆಕೆಯನ್ನು ಜಗತ್ತು ‘ಮುಖ್ಯ ಗಾಯಕಿ’ ಎಂದು ಪಟ್ಟ ಕಟ್ಟಿದ ಹಾಡಿನಲ್ಲಿ ಮೂರನೇ ಎರಡು ಭಾಗ ಬೇರೆಯವರ ಗಂಟಲು. ನಿರ್ಮಾಪಕ ಡೇವಿಡ್ ಕಾಹ್ನ್ ಎಲ್ಲರಿಂದಲೂ ಹಾಡಿಸಿ ನೋಡಿ ಮೂವರಿಗೆ ಚರಣ ಹಂಚಿದರು. ಡೆಬಿಗೆ ಸಿಗಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಸರಿ. ಡ್ರಮ್ಸ್ ಜಾಗಕ್ಕೂ ಯಂತ್ರ ತಂದು ಕೂರಿಸಿದರು. 1986ರಲ್ಲಿ ಅದು ಸ್ಟುಡಿಯೋಗಳ ಫ್ಯಾಷನ್. ಯಂತ್ರ ಕಾಲಪ್ರಮಾಣ ತಪ್ಪುವುದಿಲ್ಲ, ಚಹಾ ಕೇಳುವುದಿಲ್ಲ, ತನಗೂ ಒಂದು ಚರಣ ಬೇಕು ಎನ್ನುವುದಿಲ್ಲ. ವಿಡಿಯೋದಲ್ಲಿ ಡೆಬಿ ಕೈಯಲ್ಲಿರುವುದು ಒಂದು ಟ್ಯಾಂಬರೀನ್, ಕೈಯಲ್ಲಿ ಅಲುಗಿಸುವ ಬಿಲ್ಲೆಗಳ ಬಳೆ. ಮದುವೆಮನೆಯಲ್ಲಿ ಅಡುಗೆಯನ್ನು ಕೇಟರಿಂಗಿಗೆ ವಹಿಸಿ ಮನೆಯ ಅಡುಗೆಯವಳ ಕೈಗೆ ಪನ್ನೀರುದಾನಿ ಕೊಟ್ಟಂತೆ. ಹಾಡು ಅಮೆರಿಕದಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು, ಬಿಲ್‌ಬೋರ್ಡಿನ 1987ರ ವಾರ್ಷಿಕ ಪಟ್ಟಿಯಲ್ಲೂ ಒಂದನೆಯದು. ‘ಅವರೇ ನುಡಿಸುತ್ತಾರಾ’ ಎಂದು ಕೇಳುತ್ತಿದ್ದವರ ಕಾಟ ತಪ್ಪಲಿಲ್ಲ, ನುಡಿಸಬಲ್ಲವರನ್ನು ನುಡಿಸಲು ಬಿಡದವರನ್ನು ಕೇಳಿದವರು ಕಡಿಮೆ.

ಡ್ರಮ್ಸ್ ಬಾರಿಸುತ್ತ ಹಾಡುವುದು ಎಂಥ ಕಷ್ಟ ಎಂಬುದನ್ನು ಅಭಿಮಾನಿ ಪಠ್ಯಕ್ರಮ ಪೂರ್ತಿ ಬಿಟ್ಟಿದೆ. ಎರಡು ಕೈ, ಎರಡು ಕಾಲು ನಾಲ್ಕು ಬೇರೆ ಕೆಲಸ ಮಾಡುತ್ತಿರುತ್ತವೆ. ಮುಂದಿರುವ ಸ್ನೇರ್ ಡ್ರಮ್ ಮೇಲೆ ಜೋರು ಪೆಟ್ಟು ಬಿದ್ದಾಗಲೆಲ್ಲ ಹೊಟ್ಟೆ ಬಿಗಿಯಾಗುತ್ತದೆ, ಉಸಿರು ತುಂಡಾಗುತ್ತದೆ, ಉದ್ದ ಸ್ವರ ನಡುಗುತ್ತದೆ. ಮೈಕು ಬಾಯಿಗೆ ಹತ್ತಿರ, ಬಾಯಿ ಸ್ನೇರ್‌ಗೆ ಹತ್ತಿರ. ದನಿ ಹೋಗುವ ಮೈಕಿಗೇ ಸ್ನೇರ್ ಸದ್ದೂ ನುಗ್ಗುತ್ತದೆ. ಸೌಂಡ್ ನೋಡಿಕೊಳ್ಳುವವರು ಆಕೆಯ ದನಿ ಏರಿಸಿದರೆ ಸ್ನೇರ್ ಕೂಡ ಏರಿ ಕಿವಿಗೆ ಹೊಡೆಯುತ್ತದೆ, ಹಾಗಾಗಿ ಇಳಿಸುತ್ತಾರೆ. ಮುಂದಿನ ಸಾಲಿನವರು ‘ಡ್ರಮ್ಸ್‌ನವಳೂ ಹಾಡುತ್ತಾಳಾ!’ ಎಂದು ಆಶ್ಚರ್ಯಪಡುವುದಕ್ಕೆ ಕಾರಣ ಇದೇ. 1984ರ ‘ಗೋಯಿಂಗ್ ಡೌನ್ ಟು ಲಿವರ್‌ಪೂಲ್’ ಹಾಡಿನಲ್ಲಿ ಮುಖ್ಯ ದನಿ ಡೆಬಿಯದೇ. ಅದರ ವಿಡಿಯೋ ನೋಡಿದವರಿಗೆ ನೆನಪಿರುವುದು ಕಾರು ಓಡಿಸುವ ನಟ ಲಿಯೊನಾರ್ಡ್ ನಿಮೋಯ್.

ಗಂಡಸಿನ ಪ್ರಸ್ತಾಪ ಬಂತಲ್ಲ, ಮುಂದಿನ ವಿಧಿ ಅದೇ: ಯಶಸ್ಸಿನ ಹಿಂದಿರುವ ಪುರುಷನನ್ನು ಪತ್ತೆಹಚ್ಚುವುದು. ಈ ಬ್ಯಾಂಡಿನ ವಿಷಯದಲ್ಲಿ ಅದು ಸಲೀಸು. ‘ಮ್ಯಾನಿಕ್ ಮಂಡೇ’ ಹಾಡು ಬರೆದದ್ದು ಪಾಪ್ ಗಾಯಕ ಪ್ರಿನ್ಸ್, ‘ಕ್ರಿಸ್ಟೋಫರ್’ ಎಂಬ ಸುಳ್ಳುಹೆಸರಿನಲ್ಲಿ. 1986ರ ಏಪ್ರಿಲಿನಲ್ಲಿ ಅದು ಎರಡನೇ ಸ್ಥಾನಕ್ಕೆ ಬಂದಾಗ ಮೊದಲ ಸ್ಥಾನದಲ್ಲಿ ದಾರಿಗಡ್ಡ ಕೂತಿದ್ದದ್ದು ಪ್ರಿನ್ಸ್‌ನದೇ ಹಾಡು. ಕೊಟ್ಟವನೇ ತಡೆದ. ಎಲ್ವಿಸ್ ಪ್ರೀಸ್ಲಿ ಹೆಚ್ಚುಕಡಿಮೆ ಜೀವಮಾನವಿಡೀ ಬೇರೆಯವರು ಬರೆದದ್ದನ್ನೇ ಹಾಡಿ ‘ರಾಜ’ ಎನಿಸಿಕೊಂಡ. ಇವರು ಹಾಡಿದರೆ ‘ಸ್ವಂತದ್ದು ಏನೂ ಇಲ್ಲವಾ?’ ಸ್ವಂತದ್ದು ತೋರಿಸಿದರೆ ‘ಯಾರು ಸಹಾಯ ಮಾಡಿದ್ದು?’

ಹಾಡಿನ ಮೇಲೆ ಸಂಶಯಪಡುವ ಹಕ್ಕು ಅಭಿಮಾನಿಗಳಿಗೆ ಮಾತ್ರ ಮೀಸಲಲ್ಲ. ಈಜಿಪ್ಟಿನವರ ನಡಿಗೆಯ ಆ ಹಾಡನ್ನು ಲಿಯಾಮ್ ಸ್ಟರ್ನ್‌ಬರ್ಗ್ ಬರೆದದ್ದು, ಇಂಗ್ಲಿಷ್ ಕಾಲುವೆ ದಾಟುವ ದೋಣಿಯಲ್ಲಿ ಜನ ಬೀಳದಂತೆ ಕೈ ಚಾಚಿ ಓಲಾಡುವುದನ್ನು ನೋಡಿ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಬಿಬಿಸಿ ರೇಡಿಯೋ ಪ್ರಸಾರಕ್ಕೆ ಸಲ್ಲದ ಹಾಡುಗಳ ಪಟ್ಟಿಗೆ ಅದನ್ನು ಸೇರಿಸಿತು. 2001ರ ಸೆಪ್ಟೆಂಬರಿನ ದಾಳಿಯ ಬಳಿಕ ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ರೇಡಿಯೋ ಕೇಂದ್ರಗಳಿದ್ದ ಕ್ಲಿಯರ್ ಚಾನೆಲ್ ಕಂಪನಿಯ ಪಟ್ಟಿಯಲ್ಲೂ ಅದು ಕಾಣಿಸಿಕೊಂಡಿತು. ಎರಡು ಮಹಾಯುದ್ಧ ಕಂಡ ದೇಶಗಳಿಗೆ ದೋಣಿಯಲ್ಲಿ ತೂರಾಡಿದವರ ಹಾಡಿನಿಂದ ಅಪಾಯ.

ಕೊನೆಯ ವಿಧಿ ‘ಇಟರ್ನಲ್ ಫ್ಲೇಮ್’, ನಮ್ಮ ಮಾತಿನಲ್ಲಿ ನಂದಾದೀಪ. 1989ರಲ್ಲಿ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮೊದಲ ಸ್ಥಾನಕ್ಕೇರಿದ ಹಾಡು. ಸುಸಾನಾ ಇನ್ನಿಬ್ಬರ ಜೊತೆ ಕೂತು ಬರೆದದ್ದು. ಬ್ಯಾಂಡಿನವರು ಎಲ್ವಿಸ್‌ನ ಮನೆ ಗ್ರೇಸ್‌ಲ್ಯಾಂಡ್ ನೋಡಲು ಹೋಗಿದ್ದಾಗ ಸಮಾಧಿಯ ನಂದಾದೀಪ ಮಳೆಗೆ ನಂದಿಹೋಗಿತ್ತು. ಆರಿದ ನಂದಾದೀಪದಿಂದ ಹಾಡು ಹುಟ್ಟಿತು ಎಂಬುದಕ್ಕಿಂತ ಸೊಗಸಾದ ಸಂಗತಿ ಬೇಕೇ? ಬೇಕಂತೆ. ನಿರ್ಮಾಪಕ ಡೇವಿಟ್ ಸಿಗರ್ಸನ್, ‘ಒಲಿವಿಯಾ ನ್ಯೂಟನ್-ಜಾನ್ ಬಟ್ಟೆಯಿಲ್ಲದೆ ಹಾಡುವುದರಿಂದಲೇ ಅಷ್ಟು ಚೆನ್ನಾಗಿ ಹಾಡುತ್ತಾರೆ’ ಎಂದು ತಮಾಷೆಗೆ ಬಿಟ್ಟ ಬುರುಡೆಯನ್ನು ನಂಬಿ ಸುಸಾನಾ ಕತ್ತಲ ಸ್ಟುಡಿಯೋದಲ್ಲಿ ಹಾಗೇ ಹಾಡಿದರು, ಮುಂದೆ ಸಂದರ್ಶನಗಳಲ್ಲಿ ತಾವೇ ನಕ್ಕು ಹೇಳಿಕೊಂಡರು. ಅಂದಿನಿಂದ ಆ ಹಾಡಿನ ಬಗ್ಗೆ ಸಂಗೀತಪ್ರೇಮಿಗಳಿಗೆ ಉಳಿದಿರುವ ಪ್ರಶ್ನೆ ಒಂದೇ: ಆ ಹೊತ್ತಿನಲ್ಲಿ ಮೈಮೇಲೆ ಏನೂ ಇರಲಿಲ್ಲವೇ?

ಬಳೆ ಇತ್ತು ಸ್ವಾಮಿ, ಹೆಸರೇ ಹೇಳುತ್ತದಲ್ಲ.