ಕೂಗಿನ ಹಿಂದೆ ಏನಿದೆ ಎಂದು ಯಾರು ನೋಡಬೇಕು?

ಡಿಮೆನ್ಶಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಇರುವವರು ಕೂಗಾಡಿದರೆ, ಹೊಡೆಯಲು ಬಂದರೆ, ರಾತ್ರಿಯಿಡೀ ಮನೆಯೊಳಗೆ ಅಲೆದಾಡಿದರೆ ನಮ್ಮ ಬಾಯಿಂದ ಮೊದಲು ಬರುವ ಮಾತು ‘ಕಾಯಿಲೆ ಜಾಸ್ತಿಯಾಗಿದೆ’ ಎಂಬುದು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನನ್ನ ತಾಯಿ ಸ್ನಾನದ ಹೊತ್ತಿಗೆ ಕಿರುಚುತ್ತಿದ್ದರು, ಬಟ್ಟೆ ತೆಗೆಯಲು ಹೋದವರನ್ನು ಪರಚುತ್ತಿದ್ದರು. ಆಗ ತೋರಿಸಿದ ವೈದ್ಯರೊಬ್ಬರು ಮುಟ್ಟಿಯೂ ನೋಡದೆ ಮನೋರೋಗದ (ಆಂಟಿಸೈಕೋಟಿಕ್) ಮಾತ್ರೆ ಬರೆದುಕೊಟ್ಟರು. ಅಮ್ಮ ದಿನವಿಡೀ ತೂಗಡಿಸಿದರೇ ಹೊರತು ಸ್ನಾನದ ಹೊತ್ತಿನ ಕಿರುಚಾಟ ನಿಲ್ಲಲಿಲ್ಲ. ಎಡತೋಳನ್ನು ಮೇಲೆತ್ತಿದ ಕ್ಷಣದಲ್ಲೇ ಅವರ ಮುಖ ಹಿಂಡಿದಂತಾಗುತ್ತದೆ ಎಂಬುದು ನಮ್ಮ ಕಣ್ಣಿಗೆ ಬೀಳಲು ತಿಂಗಳುಗಳೇ ಹಿಡಿದವು. ಭುಜದ ಕೀಲು ಬಿಗಿದುಕೊಂಡಿತ್ತು. ‘ಇಲ್ಲಿ ನೋಯುತ್ತಿದೆ’ ಎನ್ನುವ ಮಾತು ಅವರ ಪಾಲಿಗೆ ಕಳೆದುಹೋಗಿತ್ತು, ನೋವು ಮಾತ್ರ ಹಾಗೆಯೇ ಇತ್ತು.

ಇದು ನಮ್ಮೊಬ್ಬರ ಅನುಭವವಲ್ಲ. ನಾರ್ವೆಯ 18 ನರ್ಸಿಂಗ್ ಹೋಮ್‌ಗಳಲ್ಲಿ ಡಿಮೆನ್ಶಿಯಾದ ಜೊತೆಗೆ ಉದ್ವೇಗದ ವರ್ತನೆಯೂ ಇದ್ದ 352 ಮಂದಿಯ ಮೇಲೆ ನಡೆದು, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ವಾರ ಹಂತಹಂತವಾಗಿ ನೋವಿಗೆ ಚಿಕಿತ್ಸೆ ಪಡೆದವರ ಉದ್ವೇಗವು ಎಂದಿನ ಆರೈಕೆಯಲ್ಲಿದ್ದವರಿಗಿಂತ ಸ್ಪಷ್ಟವಾಗಿ ತಗ್ಗಿತು. ಆ ಚಿಕಿತ್ಸೆಯಲ್ಲಿ ಬಹುಪಾಲು ಜನರಿಗೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್. ಇನ್ನೊಂದೆಡೆ, ಹೊಸ ಪೀಳಿಗೆಯ ಮನೋರೋಗದ ಮಾತ್ರೆಗಳು ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯವನ್ನು ಸುಮಾರು 1.6ರಿಂದ 1.7 ಪಟ್ಟು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ರೋಗಿಗೋ ಸುತ್ತಲಿನವರಿಗೋ ನಿಜವಾದ ಅಪಾಯವಿದ್ದಾಗ ಆ ಮಾತ್ರೆ ಬೇಕಾಗಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾರಣ ಹುಡುಕುವ ಮೊದಲೇ ಅದನ್ನು ಕೊಡುವುದನ್ನು ಒಪ್ಪಲಾರೆ.

ನೋವಿನಂತೆಯೇ ಮಲಬದ್ಧತೆ, ನಿರ್ಜಲೀಕರಣ, ಮೂತ್ರದ ಸೋಂಕು, ನಿದ್ದೆಗೇಡು ಕೂಡ ವರ್ತನೆಯನ್ನು ಕೆಡಿಸುತ್ತವೆ. ಎರಡೇ ದಿನದಲ್ಲಿ ವರ್ತನೆ ಪೂರ್ತಿ ಬದಲಾದರೆ ಮೊದಲು ಸೋಂಕನ್ನೂ ಹೊಸದಾಗಿ ಶುರುವಾದ ಔಷಧವನ್ನೂ ಅನುಮಾನಿಸಬೇಕು. ಅಲರ್ಜಿಗೆ, ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆಗಳೇ ಗೊಂದಲ ಹೆಚ್ಚಿಸುತ್ತವೆ. ಕಿವಿ ಸರಿಯಾಗಿ ಕೇಳದವರಿಗೆ ಪಕ್ಕದ ಕೋಣೆಯ ಪಿಸುಮಾತು ಒಳಸಂಚಿನಂತೆ ತೋರಬಹುದು, ಕಣ್ಣು ಮಂಜಾದವರಿಗೆ ಪರದೆಯ ನೆರಳು ಅಪರಿಚಿತ ಮನುಷ್ಯನಾಗಬಹುದು. ಕಾಯಿಲೆಯ ಬಗೆಯೂ ಮುಖ್ಯ. ಲೆವಿ ಬಾಡಿ ಡಿಮೆನ್ಶಿಯಾದಲ್ಲಿ ಇಲ್ಲದ ಮನುಷ್ಯರು, ಪ್ರಾಣಿಗಳು ಕಾಣಿಸುವುದು ಸಾಮಾನ್ಯ, ಮತ್ತು ಮನೋರೋಗದ ಮಾತ್ರೆಗಳಿಂದ ತೀವ್ರ ತೊಂದರೆಯಾಗುವುದೂ ಇವರಿಗೇ ಹೆಚ್ಚು.

ಹೇಳಲು ಕಷ್ಟವಾದ ಕಾರಣವೊಂದಿದೆ: ನೋಡಿಕೊಳ್ಳುವವರ ದಣಿವು. ನಾವು ನಿದ್ದೆಗೆಟ್ಟು, ಖಿನ್ನತೆಗೆ ಜಾರಿ, ಏರುದನಿಯಲ್ಲಿ ಅವಸರ ಮಾಡಿದಾಗಲೆಲ್ಲ ಅಮ್ಮನ ಪ್ರತಿರೋಧವೂ ಏರುತ್ತಿತ್ತು. ಇದನ್ನು ಯಾರ ತಪ್ಪೆಂದೂ ಎಣಿಸದೆ, ರೋಗಿಯ ರಕ್ತದೊತ್ತಡ ನೋಡುವಷ್ಟೇ ಸಹಜವಾಗಿ, ಜೊತೆಗೆ ಬಂದವರ ನಿದ್ದೆಯನ್ನೂ ವೈದ್ಯರು ವಿಚಾರಿಸಬೇಕು. ನಮ್ಮನ್ನು ಒಬ್ಬರೂ ಕೇಳಲಿಲ್ಲ.

ಆಮೇಲೆ ನಾವು ಒಂದು ನೋಟ್‌ಬುಕ್ ಇಟ್ಟೆವು. ಕೂಗಿದ ಹೊತ್ತು, ಅದಕ್ಕೆ ಮೊದಲು ನಡೆದದ್ದು, ಮಲವಿಸರ್ಜನೆ, ನಿದ್ದೆ, ಹೊಸ ಮಾತ್ರೆ, ಇಷ್ಟೇ ಅದರಲ್ಲಿ ಇರುತ್ತಿತ್ತು. ವೈದ್ಯರ ಸಲಹೆಯಂತೆ ಸ್ನಾನಕ್ಕೆ ಮೊದಲು ನೋವಿನ ಮಾತ್ರೆ ಕೊಟ್ಟು, ಮುಂದೆ ಗುಂಡಿಯಿರುವ ಅಂಗಿ ತೊಡಿಸಿ, ತೋಳನ್ನು ಎತ್ತದೆಯೇ ಬಿಚ್ಚಲು ಕಲಿತೆವು. ಅದಾದ ಮೇಲೆ ಅಮ್ಮ ಪರಚಲಿಲ್ಲ.