ಬಚ್ಚಲಿಗೂ ಒಂದು ಕಲಾಯಿ

ಕಳೆದ ಡಿಸೆಂಬರಿನಲ್ಲಿ ಕಲಬುರಗಿಗೆ ಬಂದಿಳಿದ ಮರುದಿನ ಬೆಳಿಗ್ಗೆಯೇ ಅವ್ವ ನನ್ನನ್ನು ಬಚ್ಚಲಮನೆಯ ಬಾಗಿಲಿಗೆ ಕರೆದು ನಿಲ್ಲಿಸಿದಳು. "ತಮ್ಮಾ, ಈ ಸಲ ಇದನ್ನೆಲ್ಲ ಒಡೆಸಿಯೇ ಹೋಗು" ಎಂದಳು.

ಬ್ರಹ್ಮಪುರದ ನಮ್ಮ ಮನೆಯ ಬಚ್ಚಲಿಗೆ ಅಪ್ಪ ಹಾಸಿಸಿದ್ದು ಶಹಾಬಾದಿನ ಫರಸಿ, ಅಂದರೆ ಹಾಸುಗಲ್ಲು. ನನಗಿಂತ ಹಿರಿಯದು. ಹಂಡೆಯ ಒಲೆಯಿದ್ದ ಮೂಲೆ ಇನ್ನೂ ಕಪ್ಪು. ನಳದ ಕೆಳಗೆ ಬೋರಿನ ನೀರಿನ ಬಿಳಿ ಪೊರೆ ಹೊಪ್ಪಳೆಯಂತೆ ಕಟ್ಟಿದೆ. ನಿಂತು ನೀರು ಹಾಕಿಕೊಳ್ಳುವ ಜಾಗದಲ್ಲಿ ಕಲ್ಲು ಸವೆದು ಅಂಗೈ ಅಗಲದ ತಗ್ಗಾಗಿದೆ. ಅದು ಅಪ್ಪನ ಹಿಮ್ಮಡಿ ಸವೆಸಿದ ತಗ್ಗು ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಪಕ್ಕದ ಮನೆಯವರು ತಮ್ಮ ಫರಸಿ ಕೀಳಿಸಿ ಹೊಳೆಯುವ ಬಿಳಿ ಟೈಲ್ಸ್ ಹಾಕಿಸಿದ್ದರು. ಅವ್ವನಿಗೆ ಅದೇ ಬೇಕು.

ನಾನು ಒಪ್ಪಲಿಲ್ಲ. ಷಿಕಾಗೊದ ನನ್ನ ಮನೆಯಲ್ಲಿ ಒಂದು ಬಚ್ಚಲನ್ನು ಸುತ್ತಿಗೆಯ ಬಾಯಿಂದ ಉಳಿಸಿಕೊಂಡ ಜಂಬ ಇನ್ನೂ ಇಳಿದಿರಲಿಲ್ಲ.

ಅಲ್ಲಿನದು 1920ರ ದಶಕದ ಇಟ್ಟಿಗೆಯ ಮನೆ. ಸ್ನಾನದ ತೊಟ್ಟಿ ಎರಕದ ಕಬ್ಬಿಣದ್ದು, ಹೆಚ್ಚುಕಡಿಮೆ ಒಂದೂವರೆ ಕ್ವಿಂಟಲ್ ತೂಕ. ಒಳಮೈಗೆ ಎನಾಮೆಲ್, ಅಂದರೆ ಕಾದ ಕಬ್ಬಿಣದ ಮೇಲೆ ಕರಗಿಸಿ ಕೂರಿಸಿದ ಗಾಜಿನ ಪುಡಿ. ಪಕ್ಕದ ರಾಜ್ಯ ವಿಸ್ಕಾನ್ಸಿನ್‌ನಲ್ಲಿ ಜಾನ್ ಮೈಕಲ್ ಕೊಹ್ಲರ್ ಎಂಬಾತ 1883ರಲ್ಲಿ ಕುದುರೆಗಳು ನೀರು ಕುಡಿಯುವ ದೋಣಿಗೆ ಎನಾಮೆಲ್ ಹಾಕಿ, ನಾಲ್ಕು ಕಾಲು ಕೂಡಿಸಿದರೆ ಸ್ನಾನಕ್ಕೂ ಆದೀತು ಎಂದು ಮಾರಿದನಂತೆ. ಇವತ್ತು ಕೊಹ್ಲರ್ ಎಂದರೆ ನಮ್ಮೂರಿನ ಅಂಗಡಿಗಳಲ್ಲೂ ದೊಡ್ಡ ಹೆಸರು. ಮೂಲ ಮಾತ್ರ ಕುದುರೆ ಲಾಯದ್ದು.

ನೂರು ವರ್ಷದಲ್ಲಿ ನಮ್ಮ ತೊಟ್ಟಿಯ ಎನಾಮೆಲ್ ಹೊಳಪು ಕಳೆದುಕೊಂಡು, ನೀರು ಹೋಗುವ ತೂತಿನ ಸುತ್ತ ಎದ್ದು, ಕೆಳಗಿನ ಕಬ್ಬಿಣ ತುಕ್ಕು ಕಾರುತ್ತಿತ್ತು. ತೆಗೆಸಬೇಕೆಂದರೆ ಅದನ್ನು ಅಲ್ಲಿಯೇ ಸುತ್ತಿಗೆಯಿಂದ ಚೂರು ಮಾಡಬೇಕು, ಸುತ್ತಲಿನ ಗೋಡೆ ಬಿಚ್ಚಬೇಕು, ಪೈಪು ಬದಲಿಸಬೇಕು. ಲೆಕ್ಕ ಹಲವು ಸಾವಿರ ಡಾಲರ್ ದಾಟುತ್ತಿತ್ತು. ಬದಲಿಗೆ ಕೆಲವು ನೂರು ಡಾಲರ್ ಕೊಟ್ಟು ತೊಟ್ಟಿಯ ಮೈ ಹೊಸದು ಮಾಡುವವನನ್ನು ಕರೆಸಿದೆ. ಆತ ಸೋಪಿನ ಜಿಡ್ಡು ತೆಗೆದ, ಹಳೆಯ ಎನಾಮೆಲ್ಲನ್ನು ಕೆರೆದು ಒರಟು ಮಾಡಿದ, ಎದ್ದ ಕಡೆಗೆ ಪುಟ್ಟಿ ತುಂಬಿ ಉಜ್ಜಿದ, ಮೊದಲ ಲೇಪ ಕೊಟ್ಟ, ಮೇಲೆ ಬಿಳಿಯ ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಮೂರು ಬಾರಿ ಸಿಂಪಡಿಸಿದ. ಎರಡು ದಿನ ಒಂದು ಹನಿ ನೀರೂ ಬೀಳಬಾರದು ಎಂದು ಹೇಳಿ ಹೋದ.

ನೋಡುತ್ತ ನಿಂತವನಿಗೆ ನೆನಪಾದದ್ದು ನಮ್ಮ ಓಣಿಗೆ ಬರುತ್ತಿದ್ದ ಕಲಾಯಿಯವನು. ತಿದಿ ಊದಿ ಹಿತ್ತಾಳೆಯ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ಬಿಳಿ ಹೊಗೆ ಏಳುತ್ತಲೇ ತವರದ ಕಡ್ಡಿ ತಾಗಿಸಿ ಅರಳೆಯಿಂದ ಒಂದು ಸುತ್ತು ಒರೆಸಿದರೆ ಹುಳಿ ಸಾರಿಗೆ ಪಾತ್ರೆ ಸಿದ್ಧ. ನವಸಾಗರ ಮಾಡುತ್ತಿದ್ದುದು ಲೋಹದ ಮೈ ಶುಚಿ ಮಾಡುವ ಕೆಲಸ. ಶುಚಿಯಾಗದ ಮೈಗೆ ತವರ ಹಿಡಿಯುವುದಿಲ್ಲ, ತೊಟ್ಟಿಗೆ ಬಣ್ಣವೂ ಹಿಡಿಯುವುದಿಲ್ಲ. ಕಲಾಯಿ ಹೋದ ಪಾತ್ರೆಯನ್ನು ಯಾರಾದರೂ ಎಸೆಯುತ್ತಿದ್ದರೇ?

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಹೊಸ ಮೈ ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುತ್ತದೆ. ನನ್ನದು ನಾಲ್ಕನೆಯ ವರ್ಷಕ್ಕೇ ಒಂದು ಕಡೆ ಸಿಪ್ಪೆ ಎದ್ದಿತು. ತಪ್ಪು ನನ್ನದೇ. ಜಾರದಿರಲೆಂದು ಅಂಟಿಕೊಂಡು ಕೂರುವ ರಬ್ಬರ್ ಚಾಪೆ ಹಾಕಿದ್ದೆ, ಅದನ್ನು ಎಳೆದಾಗಲೆಲ್ಲ ಬಣ್ಣವನ್ನೂ ಎಳೆಯುತ್ತಿತ್ತು. ಅದಕ್ಕಿಂತ ದೊಡ್ಡ ಮಾತು ಈ ಕೆಲಸ ಮಾಡುವವರ ಜೀವದ್ದು. ಹಳೆಯ ಬಣ್ಣ ಕಿತ್ತುಬರಲು ಬಳಸುತ್ತಿದ್ದ ಮಿಥಿಲೀನ್ ಕ್ಲೋರೈಡಿನ ಆವಿ ಗಾಳಿಗಿಂತ ಭಾರ. ತೊಟ್ಟಿಯೊಳಗೇ ಮಡುಗಟ್ಟುತ್ತದೆ, ಕೆಲಸಗಾರ ಅದರೊಳಕ್ಕೇ ತಲೆ ಬಗ್ಗಿಸಿರುತ್ತಾನೆ. 2000ದಿಂದ 2011ರ ನಡುವೆ ಅಮೆರಿಕದಲ್ಲಿ ಹೀಗೆ ಸತ್ತ 13 ಮಂದಿಯ ಲೆಕ್ಕ ಸಿಕ್ಕಿದೆ. ಆ ರಾಸಾಯನಿಕದ ಬಹುಪಾಲು ಬಳಕೆಗೆ ಅಲ್ಲಿನ ಸರ್ಕಾರ ನಿಷೇಧ ಹೇರಿದ್ದು 2024ರಲ್ಲಿ. ಎರಡು ಭಾಗ ಬೆರೆಸಿ ಸಿಂಪಡಿಸುವ ಬಣ್ಣಗಳೂ ಪುಪ್ಪುಸಕ್ಕೆ ಒಳ್ಳೆಯವಲ್ಲ. ನನ್ನ ಮನೆಗೆ ಬಂದವನು ಕಿಟಕಿಗೆ ಆನೆಯ ಸೊಂಡಿಲಿನಂಥ ಕೊಳವೆ ಕಟ್ಟಿ, ಮುಖ ಪೂರ್ತಿ ಮುಚ್ಚುವ ಮುಖವಾಡ ಹಾಕಿದ್ದ. ನಮ್ಮ ಕಡೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಇದನ್ನು ಮಾಡಲು ಹೊರಟರೆ ಬೇಡ ಎನ್ನುತ್ತೇನೆ.

ಕಲಬುರಗಿಗೆ ಬರೋಣ. ಅವ್ವನ ಆತುರಕ್ಕೆ ತಡೆ ಹಾಕಲು ಪರಿಚಯದ ಹಿರಿಯ ಗೌಂಡಿ ಕಾಕಾನನ್ನು ಕರೆಸಿದೆ. ಅವರು ಒಳಗೆ ಬಂದವರೇ ಬಾಗಿಲ ಹಿಂದಿನ ಆ್ಯಸಿಡ್ ಬಾಟಲಿ ಎತ್ತಿ, ನಾಲ್ಕು ಹನಿ ಫರಸಿಯ ಮೇಲೆ ಬಿಟ್ಟರು. ಸುಯ್ಯೆಂದು ನೊರೆ ಎದ್ದಿತು.

"ನೋಡು, ಕೊಳೆ ಹೇಗೆ ಕಿತ್ತು ಬರುತ್ತದೆ!" ಎಂದಳು ಅವ್ವ.

"ಕೊಳೆಯಲ್ಲ ಅಕ್ಕಾವರೇ, ಕಲ್ಲು" ಎಂದರು ಕಾಕಾ.

ಶಹಾಬಾದ್ ಕಲ್ಲು ಎಂದರೆ ಸುಣ್ಣದ ಕಲ್ಲು. ಆ ಜಾತಿಯ ಕಲ್ಲನ್ನು ಸುಟ್ಟೇ ವಾಡಿ, ಸೇಡಂ ಕಡೆಯ ಕಾರ್ಖಾನೆಗಳಲ್ಲಿ ಸಿಮೆಂಟ್ ತೆಗೆಯುತ್ತಾರೆ. ಬೋರಿನ ನೀರು ಬಿಟ್ಟುಹೋಗುವ ಬಿಳಿ ಪೊರೆಯೂ ಬಹುಮಟ್ಟಿಗೆ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಪೊರೆಯನ್ನು ತಿನ್ನುವ ಆ್ಯಸಿಡ್ ಕಲ್ಲನ್ನು ಬಿಡುವುದೇ? ವಾರಕ್ಕೊಮ್ಮೆ ಸುರಿದು ತೆಂಗಿನ ಕಡ್ಡಿಯ ಪೊರಕೆಯಿಂದ ತಿಕ್ಕಿದ್ದಕ್ಕೆ ಫರಸಿ ಒರಟಾಗಿತ್ತು, ಒರಟಾದದ್ದಕ್ಕೆ ಪೊರೆ ಇನ್ನೂ ಬೇಗ ಕಟ್ಟುತ್ತಿತ್ತು. ಅಪ್ಪನ ಹಿಮ್ಮಡಿಯ ತಗ್ಗು ಎಂದು ನಾನು ಮನಸ್ಸಿನಲ್ಲೇ ಪೂಜಿಸಿದ್ದು ಅವ್ವನ ಆ್ಯಸಿಡ್ ಕೊರೆದದ್ದು. ಸಪ್ಪೆ ಮುಖ ಹಾಕಿಕೊಂಡು ನಿಂತೆ.

ಆದರೆ ಫರಸಿಯ ಗುಣವೇ ಬೇರೆ. ಎನಾಮೆಲ್ ತೊಟ್ಟಿಗಾಗಲಿ ಟೈಲ್ಸಿಗಾಗಲಿ ಇರುವುದು ಒಂದು ತೆಳು ಚರ್ಮ. ಅದು ಹೋದರೆ ಹೊರಗಿನಿಂದ ಇನ್ನೊಂದು ಚರ್ಮ ತಂದು ಅಂಟಿಸಬೇಕು. ಒಂದು ಇಂಚಿಗೂ ಮಿಕ್ಕಿ ದಪ್ಪದ ಫರಸಿ ಅಡಿಯವರೆಗೂ ಒಂದೇ ಕಲ್ಲು. ಮೇಲಿನ ಪದರ ಅರೆದರೆ ಕೆಳಗೆ ಹೊಸ ಕಲ್ಲು ಕಾದಿರುತ್ತದೆ. ಬೀಸುಕಲ್ಲು ನುಣುಪಾದರೆ ಮುಳ್ಳು ಹೊಡೆಸಿ ಮತ್ತೆ ಜೋಳ ಬೀಸುತ್ತಿದ್ದ ಊರಿನವರಿಗೆ ಇದನ್ನು ನಾನು ಷಿಕಾಗೊದಿಂದ ಬಂದು ಹೇಳಬೇಕೇ? ಟೈಲ್ಸಿನ ಮೇಲೆ ಬಳಿಯುವ ಬಣ್ಣವೂ ಈಗ ಸಿಗುತ್ತದೆ. ಗೋಡೆಗೆ ಅಡ್ಡಿಯಿಲ್ಲ. ನಮ್ಮ ಗಡಸು ನೀರು, ನಮ್ಮ ಪೊರಕೆ, ನಮ್ಮ ತಿಕ್ಕಾಟ ಇರುವ ನೆಲಕ್ಕೆ ಅದು ಹಣ ದಂಡ.

ಫರಸಿ ಅರೆಯುವ ಮಷಿನ್ ಬಂತು. ಮೊದಲು ಒರಟಾದ 60ರ ಅರೆಗಲ್ಲು, ಆಮೇಲೆ ಅದಕ್ಕಿಂತ ನಯವಾದ 120ರದು, ಅಲ್ಲಿಗೆ ಸಾಕು ಎಂದರು ಕಾಕಾ. ಪಡಸಾಲೆಯಂತೆ ಕನ್ನಡಿ ಹೊಳಪು ಕೊಟ್ಟರೆ ಒದ್ದೆ ಕಾಲಿಗೆ ಜಾರುತ್ತದೆ. ಬೂದು ಕೆಸರು ತೊಳೆದಾಗ ಕೆಳಗಿನಿಂದ ಮಳೆಮೋಡದ ಬಣ್ಣ ಎದ್ದು ಬಂತು. ತಗ್ಗು ಪೂರ್ತಿ ಹೋಗಲಿಲ್ಲ, ಅರ್ಧ ಉಳಿಯಿತು.

ನನ್ನ ಜಂಬ ಮುರಿದದ್ದು ಗೋಡೆಯಲ್ಲಿ. ಇಪ್ಪತ್ತು ವರ್ಷದ ಹಿಂದೆ ಎದೆಯೆತ್ತರಕ್ಕೆ ಅಂಟಿಸಿದ ಟೈಲ್ಸನ್ನು ಕಾಕಾ ರೂಪಾಯಿ ನಾಣ್ಯದಿಂದ ಒಂದೊಂದಾಗಿ ತಟ್ಟುತ್ತ ಬಂದರು. ನಳದ ಹತ್ತಿರ ಟೊಳ್ಳು ಸದ್ದು. ಕಿತ್ತರೆ ಒಳಗೆ ಹಸಿ ಗೋಡೆ, ತುಕ್ಕು ತಿಂದ ಕಬ್ಬಿಣದ ಪೈಪು. ಅದರ ಮೇಲೆ ಎಂಥ ಕಲಾಯಿ ಹಾಕಿದರೂ ಆರು ತಿಂಗಳು. ಆ ಗೋಡೆ ಒಡೆಯಲೇಬೇಕಾಯಿತು. ಅವ್ವನಿಗೆ ಕುಕ್ಕರಗಾಲಿನಲ್ಲಿ ಕೂರಲಾಗದೆ ಎರಡು ವರ್ಷವಾಗಿತ್ತು ಎಂಬುದು ಆಗಲೇ ನನಗೆ ತಿಳಿದದ್ದು; ಪ್ರತಿ ಭಾನುವಾರ ವಿಡಿಯೊ ಕರೆ ಮಾಡುವ ಮಗ ನಾನು. ಹಳೆಯ ಪಾಯಖಾನೆ ಕಿತ್ತು ಕಮೋಡು ಇಡಿಸಿದೆವು, ಗೋಡೆಗೆ ಹಿಡಿಕೆ ಹಾಕಿಸಿದೆವು. ಒಡೆಸಿಬಿಡು ಎಂದದ್ದರಲ್ಲಿ ಅರ್ಧದಷ್ಟಾದರೂ ಅವಳ ಮಾತು ಸರಿಯಿತ್ತು.

ಆ್ಯಸಿಡ್ ಬಾಟಲಿ ಈಗಲೂ ಬಾಗಿಲ ಹಿಂದೆಯೇ ಇದೆ, ಕಮೋಡಿಗೆ ಮಾತ್ರ ಎಂಬ ಕರಾರಿನ ಮೇಲೆ. ಹೋದ ಭಾನುವಾರ ಅವ್ವ ಮೊಬೈಲ್ ಹಿಡಿದು ಬಚ್ಚಲು ತೋರಿಸುವಾಗ ನಳದ ಕೆಳಗೆ ರೂಪಾಯಿಯಗಲದ ಬಿಳಿ ಮಚ್ಚೆ ಕಂಡಿತು. "ಏನವ್ವಾ ಅದು?" ಎಂದೆ. "ಎಲ್ಲಿ?" ಎನ್ನುತ್ತ ಮೊಬೈಲನ್ನು ತುಳಸಿ ಕಟ್ಟೆಯ ಕಡೆ ತಿರುಗಿಸಿದಳು.